ಹದಿನೆಂಟು ಚೀಲದ ಲೆವೆಲ್

ನನಗೆ ಸಿಟ್ಟೇ ಬರುವುದಿಲ್ಲ ಎಂದು ಬಂಧುಬಳಗದಲ್ಲಿ ಹೆಸರಿದೆ. ಸಿಟ್ಟು ಬಂದಾಗ ಹತ್ತರವರೆಗೆ ಎಣಿಸಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ಬ್ಯಾಡಗಿಗೆ ಸೊಸೆಯಾಗಿ ಬಂದ ಮೇಲೆ ಆ ಎಣಿಕೆ ಐವತ್ತಕ್ಕೆ ಏರಿತ್ತು. ನಮ್ಮ ಮನೆಯವರು ಕಂಪ್ಯೂಟರ್ ಆಟಕ್ಕೆ ಸ್ವಂತ ಲೆವೆಲ್ ಕಟ್ಟತೊಡಗಿದ ಮೇಲೆ ನೂರು ದಾಟಿತು.

ಮೊಬೈಲು ಆಗಷ್ಟೇ ಮನೆಮನೆಗೆ ಬರುತ್ತಿದ್ದ ಕಾಲ. ಆ ಕಂಪ್ಯೂಟರ್ ತಂದದ್ದು ಇವರ ಮೆಣಸಿನಕಾಯಿ ಅಂಗಡಿಗೆಂದು. ಅಲ್ಲಿನ ಧೂಳಿಗೆ ಕೆಟ್ಟೀತೆಂದು ಮನೆಯ ಒಳಕೋಣೆಗೆ ಬಂತು. ಗೋದಾಮು ತುಂಬಿತೆಂದು ಅದರ ಹಿಂದೆಯೇ ಹದಿನೆಂಟು ಚೀಲ ಮೆಣಸಿನಕಾಯಿ ನಡುಮನೆಗೆ ಬಂದವು. ನಾನು ಹೆಣೆದ ಕ್ರೋಶಾ ಹೊದಿಕೆಯೊಳಗೆ ಮಾನಿಟರ್ ಬೆಚ್ಚಗಿತ್ತು. ಸೀನುವುದು ನಮ್ಮ ಪಾಲಿಗೆ ಬಂತು.

ಆಟ ಆ ಹೊತ್ತಿಗೇ ಹಳೆಯದು. ಮೇಲಿನಿಂದ ನೋಡಿದಂತೆ ಕಾಣುವ ಮನೆ, ಒಳಗೊಬ್ಬ ಪುಟ್ಟ ಮನುಷ್ಯ. ಅಡ್ಡವಿರುವ ಪೆಟ್ಟಿಗೆಗಳನ್ನು ನೂಕುತ್ತ ಅವನು ಬಾಗಿಲು ಮುಟ್ಟಬೇಕು. ನೂಕಬಹುದು, ಎಳೆಯುವಂತಿಲ್ಲ, ಒಂದರ ಹಿಂದೆ ಇನ್ನೊಂದಿದ್ದರೆ ನೂಕಲೂ ಆಗದು. ಇದ್ದ ಲೆವೆಲ್‌ಗಳೆಲ್ಲ ಮುಗಿದ ಮೇಲೆ, ಹೊಸದನ್ನು ನಾವೇ ಕಟ್ಟಬಹುದೆಂದು ಇವರಿಗೆ ತಿಳಿಯಿತು. ಕಟ್ಟುವವರು ಇವರು, ಆಡಿ ನೋಡುವವಳು ನಾನು. ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೇ ಕೂಗು: “ಸುಮಾ, ಲಗೂ ಬಾ! ಈ ಸಲ ನೀ ಸಿಕ್ಕೊಂತಿ ನೋಡು!”

ಭಾನುವಾರ ಹೊಸರಿತ್ತಿಯಿಂದ ನಮ್ಮವ್ವ ಬರುವವಳಿದ್ದಳು. ಮೊದಲೇ ಅವಳಿಗೆ ಕೆಮ್ಮು. ಬಂದವರು ಮಲಗಲು ನಡುಮನೆ ಬಿಟ್ಟರೆ ಜಾಗವಿಲ್ಲ. ಚೀಲ ತೆಗೆಸಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಕೊನೆಗೆ ಇವರು, “ನಮ್ಮನಿದ ಲೆವೆಲ್ ಕಟ್ಟೇನಿ. ಅಡಗಿಮನಿಯಿಂದ ತಲಬಾಗಲ ಮುಟ್ಟಿ ತೋರ್ಸು. ಮುಟ್ಟಿದಿ ಅಂದ್ರ ಹಮಾಲರನ್ನ ಕರಸ್ತೇನಿ” ಎಂದರು. ಮಂಚದ ಮೇಲೆ ಕೂತ ಅತ್ತೆಯವರೇ ಸಾಕ್ಷಿ.

ಲೆವೆಲ್ ನೋಡಿ ಒಳಗೊಳಗೇ ಮೆಚ್ಚಿದೆ. ಬಚ್ಚಲು, ದೇವರ ಕೋಣೆ, ಅತ್ತೆಯವರ ಮಂಚ, ಎಲ್ಲ ಅಳತೆಯ ಪ್ರಕಾರ. ಚೀಲವಿದ್ದಲ್ಲೆಲ್ಲ ಒಂದೊಂದು ಪೆಟ್ಟಿಗೆ. ಎರಡು ದಿನ ಆಡಿದೆ. ಅನ್ನ ತಳ ಹಿಡಿಯಿತು, ರೊಟ್ಟಿ ಕರಕಾದವು, ನನ್ನ ಮನುಷ್ಯ ನಡುಮನೆ ದಾಟಲಿಲ್ಲ. ಮೂರನೆಯ ದಿನ ಅತ್ತೆಯವರಿಗೆ ಚಹಾ ಒಯ್ಯುವಾಗ ಗೋಡೆ ಕಣ್ಣಿಗೆ ಬಿತ್ತು. ಸೊಂಟದೆತ್ತರಕ್ಕೆ ಸುಣ್ಣ ಸವೆದು ನುಣುಪಾಗಿತ್ತು. ಸವೆಸಿದವರು ನಾವೇ. ಕಪ್ಪನ್ನು ತಲೆಯ ಮೇಲೆತ್ತಿಕೊಂಡು ನಾನು ಅಲ್ಲೇ ನಿಂತೆ.

“ರೀ, ಈ ಲೆವೆಲ್ ಮುಗಿಯಂಗಿಲ್ಲ. ದಾರಿನ ಇಲ್ಲ ಇದಕ್ಕ.”

“ಹುಚ್ಚಿ, ದಿನಾ ಓಡಾಡ್ತೀವಲ್ಲ?”

“ನಾವು ಹೊಟ್ಟಿ ಒಳಗ ಎಳಕೊಂಡು ಗ್ವಾಡಿಗುಂಟ ಅಡ್ಡಡ್ಡ ತೂರತೀವ್ರಿ. ಅಂವಗ ಅಡ್ಡ ಆಗಾಕ ಬರಂಗಿಲ್ಲ.”

ಇವರು ತೆರೆಯನ್ನು ನೋಡಿದರು, ಗೋಡೆಯನ್ನು ನೋಡಿದರು, ತಮ್ಮ ಹೊಟ್ಟೆಯನ್ನೂ ನೋಡಿಕೊಂಡರು. ಮುಗಿಯದ ಲೆವೆಲ್ ಕಟ್ಟುವುದು ಕಟ್ಟಿದವನಿಗೆ ಅವಮಾನ. ಮೆಲ್ಲಗೆ ಒಂದು ಪೆಟ್ಟಿಗೆ ಅಳಿಸಿ, “ಈಗ ಹೋಗು” ಎಂದರು.

“ತಮ್ಮಾ, ಆಟದಾಗ ತಗದ್ರ ಮನ್ಯಾಗೂ ತಗೀಬೇಕು,” ಎಂದರು ಅತ್ತೆಯವರು. “ಥೇಟ್ ನಮ್ಮನಿ ಅಂದಾಂವ ನೀನ.”

“ಒಂದ ಚೀಲ ಅಲ್ಲೇನಬೇ, ತಗಸ್ತೇನಿ ಬಿಡು.”

ಆದರೆ ಒಂದು ಹೋದರೆ ಅದರ ಹಿಂದಿನದು ಅಡ್ಡ. ಒಂದೊಂದೇ ಅಳಿಸುತ್ತ ನನ್ನ ಮನುಷ್ಯ ಬಾಗಿಲು ಮುಟ್ಟುವಷ್ಟರಲ್ಲಿ ಹನ್ನೊಂದು ಮಾಯವಾಗಿದ್ದವು. “ಉಳಿದ ಏಳಕ್ಕೇನು ಮದುವಿ ಮಾಡ್ತೀಯಾ? ಎಲ್ಲಾ ಒಯ್ಯಿ!” ಎಂದರು ಅತ್ತೆಯವರು. ಶನಿವಾರ ಹಮಾಲರು ಬಂದು ಹದಿನೆಂಟನ್ನೂ ಹೊತ್ತೊಯ್ದರು. ಮೂರು ಸಲ ನೆಲ ತೊಳೆದೆ. ನಡುಮನೆಯಲ್ಲಿ ನೆಟ್ಟಗೆ ಎರಡು ಸಲ ಸುಮ್ಮನೆ ಓಡಾಡಿದೆ.

ಭಾನುವಾರ ಒಲೆಯ ಮೇಲೆ ಹಾಲಿಟ್ಟು, ಅವ್ವನ ಬಸ್ಸು ಬರುವವರೆಗೆ ಇರಲೆಂದು ಆಟ ತೆರೆದೆ. ಉಳಿದ ಏಳನ್ನೂ ಇವರು ಅಲ್ಲಿಯೂ ಅಳಿಸಿದ್ದರು. ಪೆಟ್ಟಿಗೆಯಿಲ್ಲದ ಮನೆಯಲ್ಲಿ ನಾಲ್ಕು ಹೆಜ್ಜೆಗೆ ಬಾಗಿಲು. ಸಪ್ಪೆ ಎಂದರೆ ಸಪ್ಪೆ. ಹದಿನೆಂಟನ್ನೂ ನಾನೇ ಮತ್ತೆ ತಂದಿಟ್ಟೆ, ಈ ಸಲ ದಾರಿ ಇರುವ ಹಾಗೆ, ಆದರೆ ಸುಲಭಕ್ಕೆ ಸಿಗದ ಹಾಗೆ. ಕಟ್ಟಿದ ನನಗೇ ಸಿಗಲಿಲ್ಲ.

“ಸುಮಾ…” ತಲಬಾಗಿಲಲ್ಲಿ ಅವ್ವನ ದನಿ.

“ಬಂದೆ ತಡಿಯವ್ವ, ಇನ್ನೆರಡ ಅದಾವು!” ಎಂದು ಒಳಕೋಣೆಯಿಂದಲೇ ಕೂಗಿದೆ.

“ಬರ್ರಿ ಬೀಗರ,” ಎಂದರು ಅತ್ತೆಯವರು. “ನಡುಮನಿ ಖುಲ್ಲಾ ಆಗೇತಿ. ನಿಮ್ಮ ಮಗಳ ಅಡಗಿಮನ್ಯಾಗ ಸಿಕ್ಕೊಂಡಾಳ.”

ಪಾಪ, ಅವ್ವ ನನ್ನನ್ನು ಹುಡುಕುತ್ತ ನಿಜವಾದ ಅಡುಗೆಮನೆಗೇ ಹೋದಳು. ಉಕ್ಕುತ್ತಿದ್ದ ಹಾಲನ್ನು ಇಳಿಸಿ, ಚಹಾ ಮಾಡಿ ತಂದು ನನ್ನ ಪಕ್ಕದಲ್ಲಿಟ್ಟಳು. ಅವಳ ತುಟಿ ಅಲುಗುತ್ತಿತ್ತು, ನನ್ನ ಹಾಗೆ ಅವಳೂ ಎಣಿಸುತ್ತಿದ್ದಳೆಂದು ಕಾಣುತ್ತದೆ.