ಪತ್ರಾಗಾರದಲ್ಲಿ ದೊಡ್ಡಪ್ಪ

ಈ ಕತೆಯನ್ನು ಮೊದಲು ಹೇಳಿದವಳು ಗ್ವೆನ್ ಹಾರ್ಗ್ರೀವ್. ಕುರಿಗಳ ಉಣ್ಣೆ ತೆಗೆಯುವವರಿಗೆ ಅಡುಗೆ ಮಾಡುತ್ತಿದ್ದವಳು. ನಮ್ಮೂರಿಗೆ ರೈಲು ಬರುವುದು ನಿಂತ ವರ್ಷ, ಉಣ್ಣೆಮನೆಯಲ್ಲಿ, ಸಂಜೆಯ ಚಹಾದ ಹೊತ್ತಿಗೆ ಹೇಳಿದಳು.

ಡಾರ್ಸಿ ವಿಟ್ಲಾಕ್‌ನ ಫಜೀತಿಗೆ ಕಾರಣ ಒಂದು ಬಿಸ್ಕತ್ತಿನ ಡಬ್ಬಿ. ಮನೆತನದ ಹಳೆಯ ಕಾಗದಪತ್ರಗಳನ್ನೆಲ್ಲ ಅವನ ದೊಡ್ಡಮ್ಮ ಥೆಲ್ಮಾ ವಿಶ್ವವಿದ್ಯಾನಿಲಯದ ಪತ್ರಾಗಾರಕ್ಕೆ ದಾನ ಮಾಡಿದ್ದರು. ಆ ವಾರವೇ ಪೆಟ್ಟಿಗೆಗಳನ್ನು ಸಾಗಿಸಿದವನು ಡಾರ್ಸಿ. ಶುಕ್ರವಾರ ಬೆಳಿಗ್ಗೆ ದೊಡ್ಡಮ್ಮನ ಮನೆಗೆ ಬಂದು ನೋಡಿದರೆ, ಹಜಾರದ ಕಪಾಟಿನಲ್ಲಿ ಡಬ್ಬಿಯೇ ಇಲ್ಲ. ಅದರಲ್ಲಿದ್ದುದು ದೊಡ್ಡಪ್ಪ ಮರ್ವಿನ್ ಅವರ ಚಿತಾಭಸ್ಮ. ಅಂದು ಮಧ್ಯಾಹ್ನವೇ ನೆಂಟರೆಲ್ಲ ಸೇರಿ ಅದನ್ನು ಹೊಳೆಗೆ ಬಿಡುವುದಿತ್ತು. ಕಾಗದಗಳ ಜೊತೆ ದೊಡ್ಡಪ್ಪನನ್ನೂ ದಾನ ಕೊಟ್ಟುಬಂದೆನೆಂದು ಹೊಳೆದಾಗ ಡಾರ್ಸಿ ತಿನ್ನುತ್ತಿದ್ದ ಟೋಸ್ಟನ್ನು ಅಲ್ಲೇ ಬಿಟ್ಟೆದ್ದ. ದೊಡ್ಡಮ್ಮನ ಎದುರು ಟಗರೂ ಕತ್ತು ತಗ್ಗಿಸುತ್ತಿತ್ತು. ಅವನು ಅವರ ಕಣ್ಣು ತಪ್ಪಿಸಿ ಗಾಡಿ ಹತ್ತಿದ.

ಪತ್ರಾಗಾರದ ಅಧಿಕಾರಿ ಇಮೋಜೆನ್, ಹಳೆಯ ಕಾಗದಗಳಿಗೆ ಶಾಯಿ ತಾಗಬಾರದೆಂದು, ಮೊದಲು ಅವನ ಪೆನ್ನು ಕಸಿದುಕೊಂಡು ಪೆನ್ಸಿಲ್ ಕೊಟ್ಟಳು. ಆಮೇಲೆ ಅವನು ಡಬ್ಬಿ ಕೇಳಿದ್ದಕ್ಕೆ ಉತ್ತರಿಸಿದಳು.

"ಡಬ್ಬಿ ಫ್ರೀಜರ್‌ನಲ್ಲಿದೆ. ಹೊಸದಾಗಿ ಬಂದಿದ್ದನ್ನೆಲ್ಲ ಹುಳ ಸಾಯ್ಲಿ ಅಂತ ಎರಡು ವಾರ ಅಲ್ಲೇ ಇಡ್ತೀವಿ. ಮಧ್ಯೆ ತೆಗೆಯೋ ಹಾಗಿಲ್ಲ."

"ಅದರಲ್ಲಿ ಹುಳ ಇಲ್ಲಮ್ಮ! ಸುಮ್ನೆ... ಮಣ್ಣು."

ಓದುಕೋಣೆಯಲ್ಲಿ ತಂತಮ್ಮ ಮುತ್ತಜ್ಜಂದಿರನ್ನು ಹುಡುಕುತ್ತಿದ್ದ ಮುದುಕರು, ಕಾಳಿನ ಸದ್ದು ಕೇಳಿದ ಕೋಳಿಗಳಂತೆ ಕತ್ತೆತ್ತಿದರು.

"ಯಾವ ಮಣ್ಣಯ್ಯಾ? ಈ ದೇಶಕ್ಕೆ ಮೊದಲು ಬಂದು ಹಡಗಿಳಿದ ನಿಮ್ಮ ಪೂರ್ವಜ ವಿಟ್ಲಾಕ್ ತಂದಿದ್ದಾ?" ಎಂದರು ನಿವೃತ್ತ ಮೇಷ್ಟರು ರಾಸ್.

"ಹಾಗಾದ್ರೆ ಗಾಜಿನ ಪೆಟ್ಟಿಗೇಲಿ ಇಡ್ಬೇಕು!" ಎಂದಳು ಪಕ್ಕದ ಮೇಜಿನ ಡಾರೀನ್. "ಒಂದು ಚಮಚ ನನಗೆ ಕೊಡಿ. ನಮ್ಮ ಅಳಿಯ ಪರೀಕ್ಷೆ ಮಾಡ್ತಾನೆ."

"ಚಮಚ ಗಿಮಚ ಹಾಕಿದ್ರೆ ನೋಡಿ! ಅದು ನಮ್ಮ ದೊಡ್ಡಪ್ಪ ಕಣ್ರೀ!"

ಇಮೋಜೆನ್‌ಳ ಮುಖ ಬಿಳುಚಿತು. "ಮನುಷ್ಯರ ಅವಶೇಷ ಈ ಕಟ್ಟಡದಲ್ಲಿ ಒಂದು ಕ್ಷಣಾನೂ ಇರೋ ಹಾಗಿಲ್ಲ. ಈಗ್ಲೇ ತಗೊಂಡು ಹೋಗಿ. ಇನ್ಯಾವತ್ತೂ ಇಲ್ಲಿಗೆ ತರಬೇಡಿ."

ಕೈಗವಸು ತೊಟ್ಟು, ಮಂಜು ಕಟ್ಟಿದ ಡಬ್ಬಿಯನ್ನು ತಂದುಕೊಟ್ಟಳು. ರಾಸ್ ಮೇಷ್ಟರು ಎದ್ದು ನಿಂತು ಗೌರವ ಸೂಚಿಸಿದರು.

ಡಬ್ಬಿಗೆ ಸೀಟ್ ಬೆಲ್ಟ್ ಬಿಗಿದು ಡಾರ್ಸಿ ಹೊಳೆದಂಡೆಗೆ ಹಾರಿಬಂದ. ಅಲ್ಲಿ ನೆಂಟರೆಲ್ಲ ಮೂಗೊರೆಸಿಕೊಳ್ಳುತ್ತಿದ್ದರು. ದೊಡ್ಡಮ್ಮ ಹೂದಾನಿಯಿಂದ ಬೂದಿಯನ್ನು ನೀರಿಗೆ ಸುರಿಯುತ್ತಿದ್ದರು.

"ನಿಲ್ಸಿ ದೊಡ್ಡಮ್ಮಾ! ದೊಡ್ಡಪ್ಪ ಇಲ್ಲಿದಾರೆ!"

"ಹಾಗಾದ್ರೆ ಅದ್ಯಾರು?" ಎಂದಿತು ಗುಂಪಿನಿಂದ ಒಂದು ದನಿ.

"ಅಯ್ಯೋ ಕತ್ತೆ!" ಎಂದರು ದೊಡ್ಡಮ್ಮ. "ಇದು ಅಡುಗೆಮನೆ ಒಲೆ ಬೂದಿ. ಹೊಳೆ ಹೊಳೆ ಅಂತ ಇವರೆಲ್ಲ ಪ್ರಾಣ ತಿಂದ್ರು ಅಂತ ತಂದೆ. ನಿಮ್ಮ ದೊಡ್ಡಪ್ಪ ಹುಡುಗ್ನಾಗಿದ್ದಾಗಿಂದ ಯೂನಿವರ್ಸಿಟಿ ಸೇರ್ಬೇಕು ಅಂತಿದ್ರು. ಅವರಪ್ಪ ಕುರಿ ಹಿಂದೆ ಅಟ್ಟಿದ. ಸತ್ತ ಮೇಲಾದ್ರೂ ಸೇರ್ಲಿ ಅಂತ ನಾನೇ ಕಾಗದದ ಮಧ್ಯೆ ಇಟ್ಟಿದ್ದೆ. ಸೇರಿ ಒಂದು ವಾರ ಆಗಿಲ್ಲ, ಬಿಡಿಸ್ಕೊಂಡು ಬಂದ್ಯಲ್ಲೋ!"

"ಒಲೆ ಬೂದಿಗೆ ನಾನು ಇಷ್ಟೊತ್ತು ಅತ್ತೆನಾ?" ಎಂದು ಮರ್ವಿನ್ ಅವರ ತಂಗಿ ಕಣ್ಣೀರೊರೆಸಿದ ಕರವಸ್ತ್ರವನ್ನು ನೆಲಕ್ಕೆಸೆದಳು.

"ಹೋಗು, ವಾಪಸ್ ಸೇರಿಸ್ಬಾ," ಎಂದರು ದೊಡ್ಡಮ್ಮ.

ಡಾರ್ಸಿ ಡಬ್ಬಿಯನ್ನು ಎದೆಗವಚಿಕೊಂಡ. "ಇನ್ಯಾವತ್ತೂ ತರಬೇಡಿ ಅಂದ್ರು, ದೊಡ್ಡಮ್ಮ."

"ಆಮೇಲೆ?" ಎಂದರು ಉಣ್ಣೆಮನೆಯಲ್ಲಿ ಕತೆ ಕೇಳುತ್ತಿದ್ದವರು.

"ಆಮೇಲೇನು," ಎಂದಳು ಗ್ವೆನ್, "ಡಬ್ಬಿ ಡಾರ್ಸಿ ಮನೇಲೇ ಇದೆ. ಥೆಲ್ಮಾ ದಿನಾ ಫೋನ್ ಮಾಡ್ತಾರೆ. ರಿಸೀವರನ್ನ ಡಬ್ಬಿ ಪಕ್ಕ ಹಿಡ್ಕೊಂಡು ಇವನು ನಿಂತಿರ್ಬೇಕು. ಅವರು ಮಾತಾಡೋದು ಗಂಡನ ಹತ್ರ ಮಾತ್ರ."

ಕೇಳಿದವರು ಲೋಟ ತೊಳೆದಿಟ್ಟು, ನಾಯಿಗಳನ್ನು ಕರೆದುಕೊಂಡು, ನಗುತ್ತ ತಂತಮ್ಮ ಮನೆಗಳತ್ತ ಹೊರಟರು.