ಇಬ್ಬರೇ ಹೋಗುವ ಭೂತಾನ

ಶೇಡಬಾಳದಂಥ ಊರಿನಲ್ಲಿ ಭಾದ್ರಪದದ ಬಿಸಿಲಿಗೆ ಉಣ್ಣೆಯ ಸ್ವೆಟರ್ ಒಣಹಾಕಬಾರದು. ಹಾಕಲೇಬೇಕೆಂದಿದ್ದರೆ ಒಳಗಿನ ಕೋಣೆಯಲ್ಲಿ, ಅಗಳಿ ಹಾಕಿಕೊಂಡು ಹಾಕಬೇಕು. ಕಾಕಾಸಾಹೇಬನಿಗೆ ಇಷ್ಟು ತಿಳಿಯಲಿಲ್ಲ. ಮಿರಜದಿಂದ ಕದ್ದುಮುಚ್ಚಿ ತಂದ ಎರಡು ಸ್ವೆಟರ್‌ಗಳು ಡಾಂಬರ ಗುಳಿಗೆಯ ವಾಸನೆ ಹೊಡೆಯುತ್ತಿದ್ದವೆಂದು ಆದಿತ್ಯವಾರ ಬೆಳಿಗ್ಗೆ ಅವನ್ನು ಮಾಳಿಗೆಯ ಮೇಲಿನ ತಂತಿಗೆ ಹಾಕಿ, ದೊಡ್ಡ ಜಾಣತನ ಮಾಡಿದವನಂತೆ ಕೆಳಗಿಳಿದು ಬಂದ.

ಅಷ್ಟರಲ್ಲಿ ಎದುರುಮನೆಯ ಅಕ್ಕುತಾಯಿ ಅಂಗಳದಲ್ಲಿ ನಿಂತಿದ್ದಳು. ಓಣಿಗೆಲ್ಲ ಆಕೆ ಮಾವಶಿ, ಅಂದರೆ ಚಿಕ್ಕಮ್ಮ. ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಮೊದಲು ಆಕೆಗೆ ಗೊತ್ತಾಗುತ್ತದೆ.

"ಕಾಕಾ, ಮನ್ಯಾಗ ಯಾರಿಗೆ ಚಳಿಜ್ವರ ಬಂದೈತೋ?"

"ಯಾರಿಗೂ ಇಲ್ರಿ ಮಾವಶಿ."

"ಮತ್ತ ಆ ಸ್ವೆಟರ್? ಎಮ್ಮಿಗೆ ತೊಡಸಾಂವೇನು?"

ಕಾಕಾಸಾಹೇಬನಿಗೆ ಸುಳ್ಳು ಹೇಳಲು ಬರುವುದಿಲ್ಲ. ಪ್ರಯತ್ನ ಮಾಡುತ್ತಾನೆ, ಪಾಪ. ಆದರೆ ಮಾಡುವ ಮೊದಲೇ ಕಿವಿ ಕೆಂಪಗಾಗುತ್ತವೆ. ಆಕೆ ಕಿವಿ ನೋಡಿದಳು. ಅವನು ಒಪ್ಪಿಕೊಂಡ.

"ದಸರಾದಾಗ ಭೂತಾನಕ್ಕ ಹೊಂಟೀವ್ರಿ. ನಾನು, ನಿಮ್ಮ ಸೊಸಿ. ಇಬ್ರs."

ಈ 'ಇಬ್ಬರೇ' ಎಂಬ ಮಾತಿನ ಹಿಂದೆ ಇಪ್ಪತ್ತಾರು ವರ್ಷಗಳ ಸಂಕಟವಿತ್ತು. ಮದುವೆಯಾದ ಹೊಸದರಲ್ಲಿ ಕಾಕಾಸಾಹೇಬ ಹೆಂಡತಿ ರಾಜಮತಿಯನ್ನು ಪನ್ಹಾಳಕ್ಕೆ ಕರೆದುಕೊಂಡು ಹೋಗಿದ್ದ. ಜೊತೆಗೆ ಅವನ ಅವ್ವ, ಇಬ್ಬರು ತಂಗಿಯರು ಮತ್ತು ಸೋದರಮಾವ ಬಂದಿದ್ದರು. ಅಲ್ಲಿ ತೆಗೆಸಿದ ಫೋಟೋದಲ್ಲಿ ಗಂಡ ಹೆಂಡಿರ ನಡುವೆ ಸೋದರಮಾವ ನಗುತ್ತ ನಿಂತಿದ್ದಾನೆ. ಅದಾದ ಮೇಲೆ ಮಕ್ಕಳು, ಮಕ್ಕಳ ಶಾಲೆ, ಮಕ್ಕಳ ಮದುವೆ. ಕಾಕಾಸಾಹೇಬ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಕ್ಲಾರ್ಕು. ದೀಪಾವಳಿ ಮುಗಿದು ಕಬ್ಬು ಬರಲು ಶುರುವಾದರೆ ಯುಗಾದಿಯವರೆಗೆ ರಜೆಯ ಹೆಸರೆತ್ತುವಂತಿಲ್ಲ. ಹೀಗಾಗಿ ವರ್ಷಕ್ಕೊಮ್ಮೆ ದಸರೆಗೆ "ಈ ಸಲ ಹೋಗೂಣು" ಎನ್ನುತ್ತಿದ್ದ. ವರ್ಷಕ್ಕೊಮ್ಮೆ ಏನಾದರೊಂದು ಅಡ್ಡ ಬರುತ್ತಿತ್ತು.

ಈ ವರ್ಷ ರಾಜಮತಿ ಮೊಬೈಲಿನಲ್ಲಿ ಭೂತಾನದ ಪುನಾಖಾ ಎಂಬ ಊರನ್ನು ನೋಡಿದಳು. ಸುತ್ತ ಗುಡ್ಡ, ಎರಡು ಹೊಳೆ ಬಂದು ಕೂಡುವ ಜಾಗ, ದಂಡೆಯಲ್ಲಿ ಕಲ್ಲು. "ಅಲ್ಲಿ ಹೋಗಿ ಒಂದ ಸಂಜೀ ನಿಮ್ಮ ಜೋಡಿ ಕುಂದರಬೇಕ್ರಿ. ಸುತ್ತ ನಮ್ಮ ಗುರ್ತಿನಾವ ಒಬ್ಬನೂ ಇರಬಾರದು" ಎಂದಳು. ಇಷ್ಟು ವರ್ಷದಲ್ಲಿ ಆಕೆ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಕಾಕಾಸಾಹೇಬ ಮರುದಿನವೇ ಚಿಕ್ಕೋಡಿಯ ಟೂರಿನವನಾದ ನಿತಿನನನ್ನು ಹಿಡಿದು ಥಿಂಫು, ಪುನಾಖಾ, ಪಾರೋ ಎಂದು ಮೂರು ಊರಿನ ಪ್ರವಾಸ ಗೊತ್ತುಮಾಡಿದ. ಇವತ್ತು ಸಂಜೆಯೊಳಗೆ ಹೆಸರು ಪಕ್ಕಾ ಮಾಡಿದರೆ ಮುಗಿಯಿತು.

ಸಂಜೆ ದೂರವಿತ್ತು. ಅಕ್ಕುತಾಯಿ ಎದುರಿಗೇ ಇದ್ದಳು.

"ಇಬ್ರs? ಅಯ್ಯ ನಮ್ಮಪ್ಪ! ಅಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ಅಡಿಗಿ ಯಾರು ಮಾಡಿ ಹಾಕ್ತಾರ ನಿಮಗ? ಹೊತ್ತ ಮುಳಗಿದ ಮ್ಯಾಲ ನಾವು ಜೈನರು ಉಣ್ಣಾಂಗಿಲ್ಲ, ಅದರೊಳಗ ಊಟ ಯಾರು ಕೊಡ್ತಾರ? ನೀ ಏನೂ ಚಿಂತಿ ಮಾಡಬ್ಯಾಡ. ನಾ ಬರ್ತೀನಿ."

ಕಾಕಾಸಾಹೇಬ "ಮಾವಶಿ, ಅದು..." ಎನ್ನುವುದರೊಳಗೆ ಆಕೆ ಓಣಿಯ ಆ ತುದಿ ಮುಟ್ಟಿದ್ದಳು.

ಚಹಾ ಕುಡಿದು ಮುಗಿಸುವ ಮೊದಲೇ ರಾವಸಾಹೇಬರು ಬಂದರು. ಬಸದಿಯ ಕಮಿಟಿಯ ಅಧ್ಯಕ್ಷರು. ಇಡೀ ಊರನ್ನು ಬಸ್ಸಿನಲ್ಲಿ ತುಂಬಿಕೊಂಡು ಯಾತ್ರೆ ಮಾಡಿಸಿದ ಅನುಭವಸ್ಥರು. ಹಿಟ್ಟು, ಬೆಲ್ಲ, ಗ್ಯಾಸಿನ ಒಲೆ, ನೀರು ಸೋಸುವ ಬಟ್ಟೆ, ಅಡಿಗೆಯವರು ಎಲ್ಲ ಜೊತೆಗಿಲ್ಲದೆ ಊರ ಗಡಿ ದಾಟುವುದೆಂದರೆ ಅವರ ಪ್ರಕಾರ ಮನೆಬಿಟ್ಟು ಓಡಿಹೋದಂತೆ.

"ಕಾಕಾಸಾಹೇಬ, ಒಬ್ಬಾವs ಹೊಂಟಿ ಅಂತಲ್ಲೋ? ನಾವೇನು ಸತ್ತೀವೇನು?"

"ಅಣ್ಣಾ, ಹಂಗಲ್ರಿ. ಇದು ಸಣ್ಣ ದೇಶ. ಬರೇ ಗುಡ್ಡಾ. ನಿಮಗ ಬ್ಯಾಸರ ಆಗತೈತಿ."

"ಸಣ್ಣ ದೇಶ ಅಂದ್ರ ಬಾಳ ಚಲೋ ಆತು. ಲಗೂನ ನೋಡಿ ಮುಗಸಬಹುದು. ಹಾದ್ಯಾಗ ನಮ್ಮ ತೀರ್ಥ ಶಿಖರಜಿ ಐತಿ, ಪಾವಾಪುರಿ ಐತಿ. ಅವನ್ನ ಬಿಟ್ಟು ಮುಂದ ಹ್ವಾದ್ರ ಪಾಪ ಹತ್ತತೈತಿ."

ಹಾದಿಯ ಮಾತು ಬರುತ್ತಲೇ ಗುಡುಸಾಬ ಹಾಜರಾದ. ಕಾಕಾಸಾಹೇಬನ ಬಾಲ್ಯದ ಗೆಳೆಯ, ಟ್ರಾವೆಲರ್ ಗಾಡಿಯ ಮಾಲೀಕ. ಗೆಳೆಯನಾದರೂ ತನ್ನ ಕಷ್ಟ ಅರಿತಾನು ಎಂದು ಕಾಕಾಸಾಹೇಬ ಅವನತ್ತ ಕಣ್ಣು ಹೊಡೆದ. ಗುಡುಸಾಬ ಅದನ್ನು ಬಾಡಿಗೆ ಕೊಡುವ ಸನ್ನೆ ಎಂದುಕೊಂಡ.

"ನೀ ಬೇಫಿಕರ್ ಇರು ದೋಸ್ತಾ. ವಿಮಾನದಾಗ ಯಾಕ ಹೋಗ್ತಿ? ನನ್ನ ಗಾಡಿ ತವಂದಿ ಘಾಟ ಏರೇತಿ. ಭೂತಾನ ಯಾವ ಲೆಕ್ಕ!"

ಮಧ್ಯಾಹ್ನದ ಹೊತ್ತಿಗೆ ಕಾಕಾಸಾಹೇಬನ ಪಡಸಾಲೆಯಲ್ಲಿ ಹದಿನೈದು ಜನ ಕೂತಿದ್ದರು. ಪ್ರವಾಸ ಬೆಳೆಯುತ್ತ ಹೋಯಿತು, ಭೂತಾನ ಕರಗುತ್ತ ಹೋಯಿತು. ಪಾರೋದಲ್ಲಿ ಗುಡ್ಡ ಹತ್ತಬೇಕೆಂದು ಯಾರೋ ಹೇಳಿದ್ದಕ್ಕೆ ಅಕ್ಕುತಾಯಿಯ ಮೊಣಕಾಲಿನ ಸಲುವಾಗಿ ಪಾರೋ ಹೋಯಿತು. ರಾಜಗೃಹದ ಯಾತ್ರೆ ಸೇರಿಸಿದ್ದಕ್ಕೆ ಥಿಂಫು ಹೋಯಿತು. ಪುನಾಖಾ ಯಾಕೆ ಬೇಕು, ಹೊಳೆಯನ್ನೇ ನೋಡುವುದಾದರೆ ನಮ್ಮ ಕೃಷ್ಣೆ ಇಲ್ಲವೇ ಎಂದು ರಾವಸಾಹೇಬರು ಕೇಳಿದರು. ಕೊನೆಗೆ ಭೂತಾನಕ್ಕೆ ಉಳಿದದ್ದು ಅರ್ಧ ದಿನ.

"ಬಾರ್ಡರ್ ದಾಟಿ, ಗುಡ್ಡಾ ನೋಡಿ, ಫೋಟೋ ಹೊಡಕೊಂಡು ಹೊಳ್ಳೂದು" ಎಂದರು ರಾವಸಾಹೇಬರು. "ಉಳಕೊಳ್ಳೂದೆಲ್ಲಾ ಧರ್ಮಶಾಲಾದಾಗ. ಹೆಣ್ಮಕ್ಕಳು ಒಂದ ಕಡೆ, ಗಂಡಸರು ಒಂದ ಕಡೆ. ಕಾಕಾಸಾಹೇಬ, ನೀ ನನ್ನ ಬಾಜೂಕ ಮಲಕ್ಕೊ."

ರಾವಸಾಹೇಬರ ಗೊರಕೆ ಊರಿಗೆ ಗೊತ್ತಿದ್ದದ್ದೇ. ಕಾಕಾಸಾಹೇಬನಿಗೆ ಪನ್ಹಾಳದ ಸೋದರಮಾವ ಕಣ್ಣೆದುರು ಬಂದು ನಿಂತಂತಾಯಿತು. ಎದ್ದು ಅಡಿಗೆಮನೆಗೆ ಹೋದ. ರಾಜಮತಿ ಹದಿನೈದು ಜನಕ್ಕೆ ಎರಡನೆಯ ಸಲ ಚಹಾ ಸೋಸುತ್ತಿದ್ದಳು. ಮುಖ ಗಂಟಿಕ್ಕಿರಲಿಲ್ಲ, ಅದೇ ಅವನಿಗೆ ಇನ್ನೂ ಭಯ ಹುಟ್ಟಿಸಿತು.

"ರಾಜಮತಿ, ನೀ ಮನಸ್ಸಿಗೆ ಹಚ್ಚಿಕೋಬ್ಯಾಡ. ಇದನ್ನ ಹೆಂಗರೆ ಮಾಡಿ ನಾ ಸರಿ ಮಾಡ್ತೀನಿ."

"ನೀವು ಏನೂ ಮಾಡಬ್ಯಾಡ್ರಿ. ಸಂಜೀತನಕ ಬಾಯಿ ಮುಚ್ಚಿಕೊಂಡು ಸುಮ್ನ ಇರ್ರಿ, ಅಷ್ಟ ಸಾಕು."

ಬೈದಳು ಎಂದುಕೊಂಡ ಕಾಕಾಸಾಹೇಬ. ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ, ಬೈಯಲಿ ಎಂದುಕೊಂಡ. ಆದರೆ ಸುಮ್ಮನಿರುವುದು ಅವನಿಂದಾಗಲಿಲ್ಲ.

ನಾಲ್ಕು ಗಂಟೆಗೆ ಬಸದಿಯಲ್ಲಿ ಮಾತಾಜಿಯವರ ಪ್ರವಚನವಿತ್ತು. ಚಾತುರ್ಮಾಸಕ್ಕೆಂದು ಊರಲ್ಲಿ ನೆಲೆಸಿದ್ದ ಸನ್ಯಾಸಿನಿಯವರು. ಅಂದಿನ ವಿಷಯ ದಿಗ್ವ್ರತ. ಮನುಷ್ಯ ಸುಮ್ಮನೆ ತಿರುಗುವುದರಿಂದ ಎಷ್ಟು ಜೀವಗಳಿಗೆ ನೋವಾಗುತ್ತದೆ. ಆದ್ದರಿಂದ ಗೃಹಸ್ಥರು ನಾಲ್ಕೂ ದಿಕ್ಕಿಗೆ ಒಂದು ಗಡಿ ಹಾಕಿಕೊಂಡು, ಇಂತಿಷ್ಟು ಕಾಲ ಅದನ್ನು ದಾಟುವುದಿಲ್ಲವೆಂದು ನೇಮ ಹಿಡಿಯಬಹುದು ಎಂದು ಮಾತಾಜಿ ಬಿಡಿಸಿ ಹೇಳಿದರು.

ಕಂಬಕ್ಕೊರಗಿ ಕೂತಿದ್ದ ಕಾಕಾಸಾಹೇಬ ನೆಟ್ಟಗಾದ. ಆಹಾ! ನಾನು ಗಡಿ ದಾಟುವುದಿಲ್ಲ ಎಂದರೆ ಪ್ರವಾಸ ನಿಂತಿತು. ನಾನೇ ಇಲ್ಲವೆಂದ ಮೇಲೆ ಇವರೂ ತಣ್ಣಗಾಗುತ್ತಾರೆ. ಆಮೇಲೆ ದಸರೆಯ ಹಿಂದಿನ ದಿನ ಬೆಳಗಿನ ಕತ್ತಲಲ್ಲಿ ಹೆಂಡತಿಯ ಕೈ ಹಿಡಿದು ಹೊರಟುಬಿಟ್ಟರಾಯಿತು. ಮಾತಾಜಿಯವರ ಹತ್ತಿರ ಹೋಗುವ ಕಾರಣವೇ ಇಲ್ಲ, ರಾವಸಾಹೇಬರ ಕಿವಿಗೆ ಹಾಕಿದರೆ ಸಾಕು.

ಪ್ರವಚನ ಮುಗಿದು ಹೆಣ್ಣುಮಕ್ಕಳು ದಾರಿಯ ತಿಂಡಿ ಗೊತ್ತುಮಾಡಲು ಮನೆಯಲ್ಲಿದ್ದ ರಾಜಮತಿಯ ಹತ್ತಿರ ಹೋದರು. ಗಂಡಸರು ಕಟ್ಟೆಯ ಮೇಲೆ ಉಳಿದರು. ಕಾಕಾಸಾಹೇಬ ರಾವಸಾಹೇಬರ ಪಕ್ಕಕ್ಕೆ ಸರಿದು ಮೆಲ್ಲಗೆ ಹೇಳಿದ:

"ಅಣ್ಣಾ, ಪ್ರವಚನ ಮನಸ್ಸಿಗೆ ನಾಟಿತ್ರಿ. ನಾ ಎಲ್ಲೂ ಬರಾಂವಲ್ಲ. ಗಡಿ ಹಾಕ್ಕೊಬೇಕಂತ ಮಾಡೀನಿ."

ರಾವಸಾಹೇಬರು ಅವನ ಕೆಂಪು ಕಿವಿಯನ್ನು ನೋಡಿದರು. ಅದು ಭಕ್ತಿಯ ಕೆಂಪು ಎಂದು ತಿಳಿದರು. ಅವರ ಕಣ್ಣಲ್ಲಿ ನೀರೇ ಬಂತು.

"ಭೂತಾನ ಗೊತ್ತು ಮಾಡಿ, ಸ್ವೆಟರ್ ಕೊಂಡು, ಅಂಥಾದ್ದನ್ನ ಬಿಡ್ತೀ? ಭಲೇ ಕಾಕಾಸಾಹೇಬ! ನಡಿ, ನಡಿ!"

"ಎಲ್ಲಿಗ್ರಿ?"

ಎಲ್ಲಿಗೆಂದು ತಿಳಿಯುವ ಮೊದಲೇ ಅವನು ಮಾತಾಜಿಯವರ ಎದುರಿಗೆ ಕೈಮುಗಿದು ಕೂತಿದ್ದ. ಹಿಂದೆ ಊರ ಗಂಡಸರು. ಮಾತಾಜಿ ಶಾಂತವಾಗಿ ಕೇಳಿದರು:

"ಸ್ವಂತ ಮನಸ್ಸಿನಿಂದ ತಗೊಳ್ಳಾಕತ್ತೀರಿ ಹೌದಿಲ್ಲೋ?"

ಇಲ್ಲ ಎನ್ನಬಹುದಿತ್ತು. ಅಲ್ಲಿ ನೀವೋ ನಾವೋ ಇದ್ದರೂ ಎನ್ನುತ್ತಿರಲಿಲ್ಲ ಬಿಡಿ, ಆ ಮುಖದ ಎದುರಿಗೆ, ಅಷ್ಟು ಜನರ ಮುಂದೆ. "ಹೌದ್ರಿ" ಎಂದ ಕಾಕಾಸಾಹೇಬ. ದನಿ ಅವನದೇ ಅನಿಸಲಿಲ್ಲ.

"ಎಲ್ಲಿತನಕ ಗಡಿ? ಎಷ್ಟು ದಿನ?"

ಅವನು ಬಾಯಿ ತೆರೆಯುವುದರೊಳಗೆ ರಾವಸಾಹೇಬರು ಉದಾರವಾಗಿ ಹೇಳಿದರು: "ಈ ಕಡೆ ಮಿರಜ, ಆ ಕಡೆ ಅಥಣಿ. ದೀಪಾವಳಿತನಕ ಮಾತಾಜಿ. ಚಾತುರ್ಮಾಸ ಮುಗೀಲಿ."

ಮಾತಾಜಿ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಜಯಘೋಷವಾಯಿತು. ಕಾಕಾಸಾಹೇಬನ ಹೆಗಲಿಗೆ ಶಾಲು ಬಿತ್ತು, ಕೈಗೆ ತೆಂಗಿನಕಾಯಿ ಬಂತು. ಊರವರೆದುರು ಹೇಳಿದ ಸುಳ್ಳನ್ನು ತಿರುಗಿಸಿಕೊಳ್ಳಬಹುದು, ಮಾತಾಜಿಯವರ ಎದುರು ಹಿಡಿದ ವ್ರತವನ್ನು ಮುರಿಯುವ ಎದೆ ಅವನಿಗೆ ಯಾವ ಜನ್ಮದಲ್ಲೂ ಇರಲಿಲ್ಲ.

ಹೊತ್ತು ಮುಳುಗುವ ಮೊದಲು ಊಟಕ್ಕೆಂದು ಕಾಲೆಳೆಯುತ್ತ ಮನೆಗೆ ಬಂದ. ಪಡಸಾಲೆ ಖಾಲಿಯಾಗಿತ್ತು. ಒಬ್ಬರೂ ಇರಲಿಲ್ಲ. ರಾಜಮತಿ ಒಳಗಿನಿಂದ ಓಡಿ ಬಂದಳು. ಮದುವೆಯ ಹೊಸದರಲ್ಲಿ ನಗುತ್ತಿದ್ದ ಹಾಗೆ ನಗುತ್ತಿದ್ದಳು.

"ಎಲ್ಲಾರನ್ನೂ ಕಳಿಸಿದ್ನಿ ನೋಡ್ರಿ!"

"ಎಲ್ಲಿಗೆ ಕಳಿಸಿದಿ?"

"ಅವರವರ ಮನಿಗೆ! ಹೆಣ್ಮಕ್ಕಳಿಗೆಲ್ಲಾ ಒಂದ ಸುಳ್ಳ ಹೇಳಿದ್ನಿ, ಆ ಕಡೆ ಗುಡ್ಡದ ಮರಿಗೆ ಸೂರ್ಯ ಮೂರೂವರಿಗೇ ಮುಳಗ್ತಾನ, ಅದಾದ ಮ್ಯಾಲ ಮರದಿನಾ ಮುಂಜಾನಿತನಕ ಒಂದ ತುತ್ತು ಬಾಯಿಗೆ ಹಾಕೂಹಂಗಿಲ್ಲ ಅಂತ. ಒಬ್ಬೊಬ್ಬರs ಎದ್ದು ಹ್ವಾದ್ರು. ರಾವಸಾಹೇಬರ ಹೆಂಡ್ತಿ ತ್ರಿಶಲಾ ಎಲ್ಲಾರ್ಕಿಂತಾ ಮೊದಲು. ಗುಡುಸಾಬಗೂ ಗಾಡಿ ಬ್ಯಾಡ ಅಂದೀನಿ. ನಿತಿನಗ ಫೋನ್ ಮಾಡಿ ನಮ್ಮಿಬ್ಬರ ಹೆಸರು ಪಕ್ಕಾ ಮಾಡೀನಿ. ಥಿಂಫು, ಪುನಾಖಾ, ಪಾರೋ. ಇಬ್ರs ರೀ!"

ಕಾಕಾಸಾಹೇಬ ಬಾಗಿಲಲ್ಲೇ ನಿಂತುಬಿಟ್ಟ. ಆಗ ರಾಜಮತಿಯ ಕಣ್ಣು ಶಾಲಿನ ಮೇಲೆ ಬಿತ್ತು.

"ಇದ್ಯಾಕ್ರಿ ಶಾಲು?"

ಅವನು ಉತ್ತರ ಹುಡುಕುತ್ತಿದ್ದಾಗ ಬಸದಿಯ ಮೈಕೇ ಉತ್ತರ ಹೇಳಿತು. ರಾವಸಾಹೇಬರ ದನಿ ಓಣಿಯ ತುಂಬ ಕೇಳಿಸಿತು: "ನಮ್ಮ ಊರಿನ ಕಾಕಾಸಾಹೇಬರು ದೀಪಾವಳಿತನಕ ಮಿರಜ, ಅಥಣಿ ದಾಟೂದಿಲ್ಲಂತ ವ್ರತ ಹಿಡದಾರ. ಭೂತಾನ ತ್ಯಾಗ ಮಾಡ್ಯಾರ. ಎಲ್ಲಾರೂ ಅನುಮೋದನಾ ಮಾಡಬೇಕು!"

ರಾಜಮತಿ ಗೋಡೆ ಹಿಡಿದು ಕೆಳಗೆ ಕೂತಳು. ಅಳುತ್ತಾಳೆ ಎಂದು ಅವನು ಹೆದರಿದ. ಆಕೆ ಅತ್ತಳು ಕೂಡ, ಆದರೆ ಅಳುವಿನ ನಡುವೆ ನಗು ನುಗ್ಗಿ ಬಂದು ಎರಡೂ ಕಲಸಿಹೋದವು. ಅವನೂ ಪಕ್ಕದಲ್ಲಿ ಕೂತ. ಹೇಗಾಯಿತು ಎಂಬುದನ್ನೆಲ್ಲ ಹೇಳಿದ.

"ನನ್ನಂಥಾ ಹುಚ್ಚ ಯಾರೂ ಇಲ್ಲ ನೋಡು."

"ಇಲ್ರಿ. ಖರೇನ ಇಲ್ಲ" ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಅಕ್ಕುತಾಯಿ ಒಳಗೆ ಬಂದಳು. "ರಾಜಮತಿ, ಮೈಕಿನ್ಯಾಗ ಕೇಳಿದೆ. ಭಾಗ್ಯವಂತಿ ನೀ, ಇಂಥಾ ಗಂಡ ಸಿಗಬೇಕಂದ್ರ! ನಿತಿನಗ ಕೇಳಿದೆ, ಹೆಸರು ಬದಲಿ ಮಾಡಾಕ ಬರತೈತಂತ. ಕಾಕಾನ ಜಾಗಾಕ್ಕ ನಾ ಬರ್ತೀನಿ. ಸೂರ್ಯ ಮೂರೂವರಿಗೆ ಮುಳಗಲಿ, ನನಗೇನು ಉಪಾಸ ಹೊಸಾದಲ್ಲ. ಒಂದs ರೂಮಿನ್ಯಾಗ ಇರೂಣು."

ರಾಜಮತಿ ಗಂಡನ ಮುಖ ನೋಡಿದಳು. ಅವನು "ಹೋಗಿ ಬಾ" ಎಂದು ತಲೆಯಾಡಿಸಿದ. ಮನಸಾರೆ ತಲೆಯಾಡಿಸಿದ. ಇಪ್ಪತ್ತಾರು ವರ್ಷಗಳ ಮೇಲೆ ಇವಳಾದರೂ ಆ ಹೊಳೆಯನ್ನು ನೋಡಲಿ ಎಂದು.

ಅಕ್ಕುತಾಯಿ ಖುಷಿಯಿಂದ ಹೊರಗೆ ಹೋದ ಮೇಲೆ ರಾಜಮತಿ ಅವನ ಹತ್ತಿರ ಸರಿದು ಕೂತಳು. ದನಿ ತಗ್ಗಿಸಿ ಹೇಳಿದಳು: "ಎರಡು ಹೊಳಿ ಕೂಡೂ ಜಾಗಾಕ್ಕ ಹ್ವಾದ ಮ್ಯಾಲ ಮಾವಶಿನ್ನ ಎಲ್ಲೆರೆ ಚಹಾ ಕುಡಿಯಾಕ ಕುಂದರಿಸಿ, ನಾ ಒಬ್ಬಾಕೀನs ದಂಡಿಗೆ ಹೋಗಿ ನಿಮಗ ವಿಡಿಯೋ ಕಾಲ್ ಮಾಡ್ತೀನಿ. ನೀವೂ ಬಾಗಲಾ ಹಾಕ್ಕೊಂಡು ಒಬ್ಬರs ಕುಂದರ್ರಿ. ಅಷ್ಟೊತ್ತರೆ ನಾವಿಬ್ರs ಇರೂಣು."

ಕಾಕಾಸಾಹೇಬ ಅವಳ ಕೈ ಹಿಡಿದುಕೊಂಡ. "ಆತು" ಎಂದ.

"ಏನ್ ಆತು?" ಎನ್ನುತ್ತ ರಾವಸಾಹೇಬರು ಹೊಸ್ತಿಲು ದಾಟಿ ಒಳಗೆ ಬಂದರು. "ವಿಡಿಯೋ ಕಾಲ್ ಅಂದಂಗ ಕೇಳಿಸ್ತಲ್ಲಾ? ಕಾಕಾಸಾಹೇಬ, ಆ ಸಣ್ಣ ಮೊಬೈಲಿನ್ಯಾಗ ಏನ್ ಕಾಣತೈತೋ! ನಮ್ಮ ಮನ್ಯಾಗ ದೊಡ್ಡ ಟೀವಿ ಐತಿ, ಅದಕ್ಕ ಜೋಡಸೂಣು. ಓಣಿ ಮಂದೀಗೆಲ್ಲಾ ಈಗs ಹೇಳಿ ಬರ್ತೀನಿ."