ಅಟ್ಟದಿಂದ ಬಂದ ಮೆದುಳು

ಎಲ್ಲಾ ಆಗಿದ್ದು ಒಂದು ಬಕೆಟ್ ನೀರಿನಿಂದ.

ಕೀಲಿಯಣ್ಣನ ಅಪ್ಪ ಬದುಕಿದ್ದಷ್ಟು ದಿನ ಭಾನುವಾರ ಬೆಳಿಗ್ಗೆ ತಮ್ಮ ಕಾರನ್ನು ಒದ್ದೆ ಬಟ್ಟೆಯಲ್ಲಿ, ಮಗುವಿನ ಮುಖ ಒರೆಸಿದ ಹಾಗೆ ಒರೆಸುತ್ತಿದ್ದರು. ಈ ಭಾನುವಾರ ಅದು ನೆನಪಾಗಿ ಕೀಲಿಯಣ್ಣನಿಗೆ ಕಣ್ಣು ತುಂಬಿ ಬಂತು. ಕಣ್ಣು ತುಂಬಿದ ಮನುಷ್ಯ ಸುಮ್ಮನಿರಬೇಕು. ಇವನು ಬಾನೆಟ್ ಎತ್ತಿ ಎಂಜಿನ್ನಿನ ಮೇಲೇ ಒಂದು ಬಕೆಟ್ ನೀರು ಸುರಿದ. ಆಮೇಲೆ ಕೀಲಿ ತಿರುಗಿಸಿದರೆ ಕಾರು ಒಂದು ಸಲ ಬಿಕ್ಕಿ ಸುಮ್ಮನಾಯಿತು.

ಕೀಲಿಯಣ್ಣ ಅಂದರೆ ಬಸ್ ಸ್ಟಾಂಡಿನ ಪಕ್ಕ ಕೂತು ನಕಲು ಕೀಲಿ ಮಾಡಿಕೊಡುವವನು. ಅವನೆದುರು ಬಾಯಿ ಬಿಡದ ಬೀಗವೇ ಊರಲ್ಲಿರಲಿಲ್ಲ. ಆದರೆ ಈ ಕಾರು ಮಾತ್ರ ಆರು ತಿಂಗಳಿಂದ ಆಗಾಗ ಮುನಿಸಿಕೊಳ್ಳುತ್ತಿತ್ತು.

“ಸಾಕು ರೀ,” ಅಂದಳು ಹೆಂಡತಿ. “ಗುಜರಿಯವನಿಗೆ ಫೋನ್ ಮಾಡಿದ್ದೀನಿ. ನಾಲ್ಕು ಗಂಟೆಗೆ ಲಾರಿ ತರ್ತಾನೆ. ಅಷ್ಟರೊಳಗೆ ಇದು ಹೊರಟರೆ ಇಲ್ಲೇ ಇರ್ಲಿ, ಇಲ್ಲಾಂದ್ರೆ ಹೋಗ್ಲಿ.”

“ಅಪ್ಪನ ಕಾರು ಕಣೇ!”

“ಗೊತ್ತು. ಮದುವೆಯಾದಾಗಿಂದ ದಿನಕ್ಕೆ ಮೂರು ಹೊತ್ತು ಅದನ್ನೇ ಕೇಳ್ತಿದ್ದೀನಿ.”

ಓಡಿಬಂದ ಮೆಕ್ಯಾನಿಕ್ ಊಟದ ಡಬ್ಬಿಯಂಥ ಒಂದು ಪೆಟ್ಟಿಗೆಯನ್ನು ಬಿಚ್ಚಿ ಅಲ್ಲಾಡಿಸಿದ. ಒಳಗೆ ನೀರು ಗುಳುಗುಳು ಅಂತು.

“ಎಂಜಿನ್ನಿನ ಕಂಪ್ಯೂಟರು ಅಣ್ಣ ಇದು. ಮೆದುಳು ಅಂತಲೇ ಇಟ್ಕೊಳ್ಳಿ. ನೀರು ಕುಡಿದು ಸತ್ತಿದೆ.”

“ಹೊಸದು ಹಾಕಪ್ಪ.”

“ಹೊಸದು ಬರೋದು ನಿಂತು ಯಾವ ಕಾಲ ಆಯ್ತೋ! ಇದೇ ಮಾಡೆಲ್ ಕಾರಿಂದು ಒಂದು ನನ್ನ ಅಟ್ಟದ ಮೇಲಿದೆ. ಹಾಕಿ ನೋಡೋಣ.”

ಮೇಲಿನ ಮನೆಯ ರಿಟೈರ್ಡ್ ಪೋಸ್ಟ್‌ಮಾಸ್ಟರ್ ಬಾಲ್ಕನಿಯಿಂದ ಬಗ್ಗಿದರು. “ಬೇರೆಯವರ ಮೆದುಳು ಹಾಕಿಸ್ತಿದ್ದೀರಂತೆ? ಕಾರಿಗೆ ತಾನೇ?”

ಮೆದುಳು ಬಂತು, ಕೂತಿತು. ಕೀಲಿ ತಿರುಗಿಸಿದರೆ ಎಂಜಿನ್ ಗರಗರ ಅಂದಿತೇ ಹೊರತು ಹತ್ತಲಿಲ್ಲ. ಸ್ಟೇರಿಂಗ್ ಮುಂದೆ ಕೆಂಪು ದೀಪವೊಂದು ಕಣ್ಣು ಹೊಡೆಯುತ್ತಿತ್ತು.

ಮೆಕ್ಯಾನಿಕ್ ತಲೆ ಕೆರೆದುಕೊಂಡ. “ಇದು ಹಳೇ ಯಜಮಾನರ ಕೀಲಿ ಹುಡುಕ್ತಿದೆ. ಪರಿಚಯ ಇಲ್ಲದ ಕೀಲಿಗೆ ಇದು ಮಾತಾಡಲ್ಲ.”

ಕೀಲಿಯಣ್ಣ ಗಹಗಹಿಸಿ ನಕ್ಕ. “ಕೀಲಿ ತಾನೇ? ಐದು ನಿಮಿಷ ಕೊಡು.”

“ಹಲ್ಲು ನೋಡಲ್ಲ ಅಣ್ಣ ಇದು, ತಲೆ ನೋಡುತ್ತೆ. ಕೀಲಿಯ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತೆ. ಅದನ್ನ ನೀವು ಉಜ್ಜಿ ಮಾಡೋಕಾಗಲ್ಲ. ಹಳೇದನ್ನ ಮರೆಸಿ ಹೊಸದು ಕಲಿಸೋ ಮಷೀನು ಈ ಮಾಡೆಲ್ಲಿಗೆ ಯಾರ ಹತ್ರನೂ ಇಲ್ಲ.”

“ಊರಿಗೆಲ್ಲ ಕೀಲಿ ಮಾಡಿಕೊಟ್ಟೋನಿಗೆ ಕೀಲೀನೇ ಕೈ ಕೊಡ್ತಲ್ರೀ!” ಅಂತ ಬಾಲ್ಕನಿ ಉದ್ಗರಿಸಿತು.

ಆ ಮೆದುಳು ಎರಡು ಬೀದಿ ಆಚೆಗಿನ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ತಾತನ ಕಾರಿನದು. ಕಾರು ಯಾವತ್ತೋ ಬಿಡಿಭಾಗವಾಗಿ ಹೋಗಿತ್ತು. ಕೀಲಿ ಮಾತ್ರ ತಾತನ ಮಂಚದ ಮೇಲಿನ ಮೊಳೆಯಲ್ಲಿ ನೇತಾಡುತ್ತಿತ್ತು. ಕೀಲಿಯಣ್ಣ ಅಲ್ಲಿಗೇ ಓಡಿದ.

“ನನ್ನ ಕಾರಿನ ಬುದ್ಧಿ ಇನ್ನೂ ಬದುಕಿದೆಯೇನಯ್ಯಾ?” ತಾತ ಎದ್ದೇ ನಿಂತರು. “ಮೂರು ಸಾವಿರ ಜನ ಕಲಿತಿದ್ದಾರೆ ಅದರಲ್ಲಿ. ಒಬ್ಬೊಬ್ಬರೂ ದಿನಕ್ಕೆ ಇಪ್ಪತ್ತು ಸಲ ಆಫ್ ಮಾಡೋರು. ಒಂದು ದಿನಾನೂ ಅದು ಬೇಜಾರು ಮಾಡ್ಕೊಂಡಿದ್ದಿಲ್ಲ. ತಡಿ, ನಾನೂ ಬರ್ತೀನಿ.”

ತಡೆದಿದ್ದು ಒಂದೂವರೆ ಗಂಟೆ. ತಾತ ಗಡ್ಡ ಹೆರೆದರು, ಇಸ್ತ್ರಿ ಅಂಗಿ ಹಾಕಿದರು, ಹೆಣ್ಣು ನೋಡೋಕೆ ಹೊರಟವರ ಹಾಗೆ ಮೂರು ಸಲ ಕನ್ನಡಿ ನೋಡಿದರು. ಕಾರಿನ ಹತ್ತಿರ ಬಂದಾಗ ಮೂರೂ ನಲವತ್ತು.

ತಾತ ಪಕ್ಕದ ಸೀಟಲ್ಲಿ ಕೂತು ತಮ್ಮ ಕೀಲಿಯ ತಲೆಯನ್ನು ಬೀಗದ ಹತ್ತಿರ ಹಿಡಿದರು. ಕೀಲಿಯಣ್ಣ ಬೀಗಕ್ಕೆ ಹೊಂದುವ ತನ್ನ ಕೀಲಿ ತಿರುಗಿಸಿದ. ಕಾರು ಅಪ್ಪ ಬೆಳಗಿನ ಹೊತ್ತು ಕೆಮ್ಮುತ್ತಿದ್ದ ಹಾಗೇ ಎರಡು ಸಲ ಕೆಮ್ಮಿ ಶುರುವಾಯಿತು. ಗೇರಿನ ಗುಂಡು ಅಪ್ಪನ ಅಂಗೈಗೆ ಸವೆದು ನುಣುಪಾಗಿತ್ತು. ಅದರ ಮೇಲೆ ಕೈಯಿಟ್ಟವನಿಗೆ ದುಃಖ ಉಕ್ಕಿ ಬಂತು. ಪಕ್ಕದಲ್ಲಿ ತಾತನೂ ಮೂಗು ಒರೆಸಿಕೊಂಡರು. ಒಂದೇ ಕಾರಿನಲ್ಲಿ ಕೂತು ಇಬ್ಬರೂ ಬೇರೆ ಬೇರೆ ಕಾರಿಗಾಗಿ ಅತ್ತರು.

“ತಾತ, ಆ ಕೀಲಿ ಕೊಟ್ಟುಬಿಡಿ.”

“ಕೊಡ್ತೀನಿ. ಒಂದು ರೌಂಡ್ ಓಡ್ಸು, ನೋಡ್ತೀನಿ.”

ಬೀದಿಯ ತುದಿಗೆ ಹೋಗಿ ಬರುವಷ್ಟರಲ್ಲಿ ಕೀಲಿಯಣ್ಣನಿಗೆ ಬೆವರಿಳಿಯಿತು. “ಕ್ಲಚ್ ಮೇಲೆ ಯಾಕಯ್ಯಾ ಕಾಲು, ಅದೇನು ಕಾಲುಮಣೆನಾ? ಗೇರ್ ಹಾಕು ಅಂದ್ರೆ ಬಾವಿಯಿಂದ ನೀರು ಸೇದ್ತಿದ್ದೀಯಲ್ಲ!” ಗೇಟಿನ ಹತ್ತಿರ ಪೋಸ್ಟ್‌ಮಾಸ್ಟರರ ಹೂಕುಂಡವೊಂದು ಅಡ್ಡ ಬಿತ್ತು. ತಾತ ಕೀಲಿಯನ್ನು ಜೇಬಿಗೆ ಹಾಕಿ ಗುಂಡಿ ಬಿಗಿದರು.

“ನಿನ್ನ ಕೈಗೆ ಕೊಡಲ್ಲ. ನನ್ನ ಕಾರಿನಿಂದ ಉಳಿದಿರೋದೇ ಇಷ್ಟು ಬುದ್ಧಿ. ಅದನ್ನೂ ಕೆಡಿಸ್ತೀಯ.”

ಅಷ್ಟರಲ್ಲಿ ಗುಜರಿ ಲಾರಿ ಬೀದಿಗೆ ತಿರುಗಿತು. ಹೆಂಡತಿ ಗೇಟಿಗೆ ಬಂದಳು. ತಾತ ಕನ್ನಡಕ ಮೇಲೆತ್ತಿ ನೋಡಿದರು.

“ಯಾರಿದು? ನಮ್ಮ ರಿವರ್ಸ್ ಮಹಾರಾಣಿ ಅಲ್ವೇನಮ್ಮಾ?”

ಹೆಂಡತಿಯ ಮುಖಕ್ಕೆ ಒಂದೇ ಏಟಿಗೆ ಇಪ್ಪತ್ತು ವರ್ಷ ಕಮ್ಮಿಯಾಯಿತು. “ಗುರುಗಳೇ! ಇದಕ್ಕೆ ಹಾಕಿರೋದು ನಮ್ಮ ಸ್ಕೂಲ್ ಕಾರಿನ ಮೆದುಳಾ?”

“ನಿನಗೆ ಡ್ರೈವಿಂಗ್ ಬರುತ್ತಾ?” ಕೀಲಿಯಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಯಾವತ್ತೂ ಹೇಳಲೇ ಇಲ್ಲ!”

“ಯಾವತ್ತಾದ್ರೂ ಕೇಳಿದ್ರಾ? ಮದುವೆಯಾದ ವಾರ ಸ್ಟೇರಿಂಗ್ ಮೇಲೆ ಕೈ ಇಟ್ಟಿದ್ದಕ್ಕೆ, ‘ಅಪ್ಪನ ಕಾರು, ಮುಟ್ಬೇಡ’ ಅಂದ್ರಿ. ಮುಟ್ಟಲಿಲ್ಲ. ಸ್ವಲ್ಪ ಇಳೀರಿ.”

ಅವನು ಇಳಿದ. ಅವಳು ಕೂತಳು, ಸೀಟು ಮುಂದೆ ಎಳೆದುಕೊಂಡಳು, ಕನ್ನಡಿ ಸರಿಮಾಡಿದಳು. ಲೈಟುಕಂಬ ಮತ್ತು ಲಾರಿಯ ನಡುವೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕಾರನ್ನು ಹಿಂದಕ್ಕೆ ತಂದು ಗೇಟಿನೊಳಗೆ ನಿಲ್ಲಿಸಿದಳು. ಬಾಲ್ಕನಿಯಲ್ಲಿ ಚಪ್ಪಾಳೆ ಬಿತ್ತು. ತಾತ ಜೇಬಿನ ಗುಂಡಿ ಬಿಚ್ಚಿ ಕೀಲಿಯನ್ನು ಅವಳ ಅಂಗೈಗಿಟ್ಟರು.

“ಬೇಡಣ್ಣ, ಕಾರು ಕೊಡಲ್ಲ,” ಅಂತ ಅವಳೇ ಲಾರಿಯವನನ್ನು ಕಳಿಸಿದಳು.

ಕೀಲಿಯಣ್ಣ ಬಾನೆಟ್ ತಬ್ಬಿಕೊಂಡ. “ಅಪ್ಪನ ಕಾರು ಉಳೀತು ಕಣೇ!”

“ಉಳೀತು ರೀ.” ಅವಳು ಎರಡೂ ಕೀಲಿಗಳನ್ನು ತನ್ನ ಗೊಂಚಲಿಗೆ ಸೇರಿಸಿಕೊಂಡಳು. “ನಾಳೆ ಅಂಗಡಿಗೆ ಎಷ್ಟೊತ್ತಿಗೆ ಹೊರಡ್ತೀರಿ?”

“ಒಂಬತ್ತಕ್ಕೆ,” ಅಂದ ಕೀಲಿಯಣ್ಣ, ಆಸೆಯಿಂದ.

“ಎಂಟೂವರೆಗೇ ಹೊರಡಿ. ಒಂಬತ್ತರ ಬಸ್ಸಲ್ಲಿ ಕೂರೋಕೆ ಜಾಗ ಸಿಗಲ್ಲ.”